ಅಧ್ಯಕ್ಷರ ಜಾಗಕ್ಕೆ ಕಮಲ ಹಾಕಿ

ಶಿವಮೊಗ್ಗದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಯಾವ ಪಕ್ಷದಲ್ಲಿ ಯಾರ ಕೈ ಮೇಲಾಗಿದೆ ಅನ್ನೋದು ನಮಗೆ ಬೇಗ ಗೊತ್ತಾಗುತ್ತದೆ. 'ಅವರ ಫೋಟೋ ಸ್ವಲ್ಪ ಸಣ್ಣ ಮಾಡಿ' ಅಂದರೆ ಸಾಕು, ಅರ್ಥ ಆಯಿತು.

ವಿಧಾನಸಭೆಗೆ 2018ರಲ್ಲಿ 104 ಸೀಟು ಗೆದ್ದಿದ್ದ ಬಿಜೆಪಿ 2023ರ ಮೇನಲ್ಲಿ 66ಕ್ಕೆ ಇಳಿಯಿತು. ಕಾಂಗ್ರೆಸ್ 135. ಸೋತ ಮೇಲೆ ಹೊಸಬರನ್ನು ತರುವುದು ಇದ್ದದ್ದೇ. ಆದರೆ ಇವರಿಗೆ ಆರು ತಿಂಗಳು ಹಿಡಿಯಿತು. ಕಟೀಲ್ ರಾಜ್ಯಾಧ್ಯಕ್ಷರಾಗಿದ್ದರು, ನಿಜ. ಆದರೆ ಇವತ್ತೋ ನಾಳೆಯೋ ಅನ್ನೋ ಹಾಗೆ. ವಿರೋಧ ಪಕ್ಷದ ನಾಯಕರಂತೂ ಇರಲೇ ಇಲ್ಲ. ಜುಲೈ 7ರಂದು ಸಿದ್ದರಾಮಯ್ಯ ಬಜೆಟ್ ಮಂಡಿಸಿದಾಗಲೂ ಇಲ್ಲ, ಅದೇ ಅಧಿವೇಶನದಲ್ಲಿ ಉಪಸಭಾಧ್ಯಕ್ಷರ ಮೇಲೆ ಕಾಗದ ಎಸೆದು ಹತ್ತು ಶಾಸಕರು ಅಮಾನತಾದಾಗಲೂ ಇಲ್ಲ.

ಗಣೇಶನ ಹಬ್ಬಕ್ಕೆ ವಾರ್ಡಿನ ಹುಡುಗನೊಬ್ಬ ಶುಭಾಶಯದ ಫ್ಲೆಕ್ಸ್ ಮಾಡಿಸಲು ಬಂದ. ಮೋದಿ, ಶಾ, ನಡ್ಡಾ, ಯಡಿಯೂರಪ್ಪ ಸರಾಗವಾಗಿ ಕೂತರು. ರಾಜ್ಯಾಧ್ಯಕ್ಷರ ಜಾಗ ಬಂದಾಗ ತಲೆ ಕೆರೆದುಕೊಂಡ. 'ಅಣ್ಣಾ, ಹಬ್ಬ ಮುಗಿಯೋದ್ರೊಳಗೆ ಬದಲಾದ್ರೆ ದುಡ್ಡು ದಂಡ. ಅಲ್ಲೊಂದು ಕಮಲ ಹಾಕಿಬಿಡಿ, ದೊಡ್ಡದಾಗಿ.' ಹಾಕಿದೆ. ಆ ವರ್ಷ ಕಮಲಕ್ಕೆ ಒಳ್ಳೆ ಬೇಡಿಕೆ!

ನವೆಂಬರ್ 10ಕ್ಕೆ, ದೀಪಾವಳಿಗೆ ಎರಡು ದಿನ ಇರುವಾಗ, ದೆಹಲಿಯಿಂದ ಹೆಸರು ಬಂತು. ವಿಜಯೇಂದ್ರ. ಯಡಿಯೂರಪ್ಪನವರ ಮಗ, ನಮ್ಮದೇ ಜಿಲ್ಲೆಯ ಶಿಕಾರಿಪುರದಿಂದ ಮೊದಲ ಸಲ ಶಾಸಕರಾದವರು. ಆ ರಾತ್ರಿ ಮಷಿನ್ ನಿಲ್ಲಲೇ ಇಲ್ಲ. ವಾರ ಕಳೆದ ಮೇಲೆ ಆರ್. ಅಶೋಕ ವಿರೋಧ ಪಕ್ಷದ ನಾಯಕರಾದರು, ಅದೂ ದೆಹಲಿಯ ವೀಕ್ಷಕರು ಬಂದು ಕೂತ ಮೇಲೆ.

ಅಧ್ಯಕ್ಷರು ಲಿಂಗಾಯತ, ಸದನದಲ್ಲಿ ಒಕ್ಕಲಿಗ, ಹಾಗೆ ಲೆಕ್ಕ ಹೊಂದಿಸಬೇಕಿತ್ತು ಅಂತಾರೆ. ಇರಲಿ. ಸದನದ ನಾಯಕನನ್ನು ಆರಿಸುವುದು ಅರವತ್ತಾರು ಶಾಸಕರು ಒಂದು ಮಧ್ಯಾಹ್ನ ಕೂತು ಕೈ ಎತ್ತಿದ್ದರೆ ಮುಗಿಯುವ ಕೆಲಸ. 2021ರಲ್ಲಿ ಅಪ್ಪನನ್ನು ಮುಖ್ಯಮಂತ್ರಿ ಕುರ್ಚಿಯಿಂದ ಇಳಿಸಿ, ಸೋತ ಮೇಲೆ ಮಗನನ್ನೇ ಕರೆತರುವುದಕ್ಕೆ ಇಷ್ಟು ಯೋಚನೆ ಬೇಕಿತ್ತಾ? ಸುಮ್ನೆ ಜೂನ್‌ನಲ್ಲೇ ಮಾಡಬಹುದಿತ್ತು, ಅಲ್ವಾ?

ಹೆಸರು ಬಂದ ಮೇಲೂ ಜಗಳ ಮುಗಿಯಲಿಲ್ಲ. ಕುಟುಂಬ ರಾಜಕಾರಣ ಅಂತ ನಮ್ಮೂರಿನ ಹಳೇ ಬಿಜೆಪಿ ನಾಯಕ ಈಶ್ವರಪ್ಪ ಸಿಡಿದೆದ್ದರು. 2024ರ ಲೋಕಸಭೆಗೆ ವಿಜಯೇಂದ್ರರ ಅಣ್ಣ ರಾಘವೇಂದ್ರರ ಎದುರೇ ಪಕ್ಷೇತರರಾಗಿ ನಿಂತರು, ಉಚ್ಚಾಟನೆಯೂ ಆಯಿತು. ಆದರೂ ಪ್ರಚಾರಕ್ಕೆ ಮೋದಿ ಫೋಟೋ ಬಿಡಲಿಲ್ಲ. ಪಕ್ಷ ತಕರಾರು ತೆಗೆಯಿತು. ನಮ್ಮಲ್ಲಿಗೆ ಎರಡೂ ಕಡೆಯವರು ಬಂದು ಅದೇ ಮೋದಿ ಫೋಟೋ ಕೇಳಿದರು. ಇಬ್ಬರಿಗೂ ಒಂದೇ ಫೈಲ್ ತೆಗೆದುಕೊಟ್ಟೆ. ದುಡ್ಡು ಮಾತ್ರ ಮುಂಗಡ.