ಟಿಬಿ ಡ್ಯಾಂ ಹಿನ್ನೀರು: ನವೆಂಬರಿನ ಹಕ್ಕಿ ಲೆಕ್ಕ

ದೀಪಾವಳಿ ಮುಗಿದು ಬೆಳಗಿನ ಹೊತ್ತು ಸ್ವೆಟರ್ ಬೇಕು ಅನ್ನಿಸೋಕೆ ಶುರುವಾದರೆ ಸಾಕು, ಕೊಪ್ಪಳದ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: ಹೆಬ್ಬಾತು ಬಂದ್ವಾ? ಈ ವರ್ಷ ನಾನು ಮೊದಲು ಕೇಳೋದು ತುಂಗಭದ್ರಾ (ಟಿಬಿ) ಡ್ಯಾಂ ನೀರು ಎಷ್ಟು ಅಡಿ ಇದೆ ಅಂತ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದ್ದೇನೆ. ಒಂದರಲ್ಲಿ ಪೇಪರಿನಲ್ಲಿ ಬರೋ ಆ ದಿನದ ಮಟ್ಟ, ಇನ್ನೊಂದರಲ್ಲಿ ಕಂಡ ಹಕ್ಕಿ. 2024ರ ಆಗಸ್ಟ್‌ನಲ್ಲಿ ಡ್ಯಾಂನ 19ನೇ ಕ್ರೆಸ್ಟ್ ಗೇಟ್ (ನೀರು ಹೊರಬಿಡೋ ಬಾಗಿಲು) ಕೊಚ್ಚಿಹೋದಾಗಿನಿಂದ ನಮ್ಮ ಕಡೆ ಡ್ಯಾಂ ಮಟ್ಟ ವಿಚಾರಿಸದವರೇ ಇಲ್ಲ, ಹಾಗಾಗಿ ನನ್ನನ್ನು ಯಾರೂ ವಿಚಿತ್ರವಾಗಿ ನೋಡಲ್ಲ.

ಸಮುದ್ರ ನಮ್ಮಿಂದ ದೂರ. ನಮಗಿರೋ ದಂಡೆ ಅಂದ್ರೆ ತುಂಗಭದ್ರಾ ಹಿನ್ನೀರಿನದೇ. ಪೂರ್ಣ ಮಟ್ಟ 1633 ಅಡಿ. ನೀರು ಅದರ ಹತ್ತಿರ ಇದ್ದಷ್ಟು ದಿನ ದಂಡೆಯಲ್ಲಿ ಕೆಸರೇ ಕಾಣಲ್ಲ, ಅಲೆ ನೇರ ಜಾಲಿ ಪೊದೆಗೆ ಬಡಿಯುತ್ತೆ. ಕೆಸರಿನಲ್ಲಿ ಮೇವು ಹುಡುಕೋ ಗೊರವಗಳು ನಿಲ್ಲೋದು ಎಲ್ಲಿ? ಸೂಜಿಬಾಲದ ಬಾತು ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ತಳದ ಮೇವು ಹುಡುಕುತ್ತೆ, ಕುತ್ತಿಗೆಗೆ ತಳ ಸಿಗದಿದ್ದರೆ ಅದಕ್ಕೂ ಅಲ್ಲಿ ಕೆಲಸ ಇಲ್ಲ. ನವೆಂಬರ್ ಬಂತು ಅಂತ ಕ್ಯಾಲೆಂಡರ್ ನೋಡಿ ಓಡೋದರಿಂದ ಪೆಟ್ರೋಲ್ ಖರ್ಚಾಗುತ್ತೆ ಅಷ್ಟೆ. ಮುನಿರಾಬಾದ್ ಕಡೆ ಹರಿಗೋಲು ಒಣಗಿಸ್ತಿದ್ದ ಮೀನುಗಾರರೊಬ್ಬರು ಇದನ್ನೇ ಚುಟುಕಾಗಿ ಹೇಳಿದರು: "ನೀರು ಇಳೀಲಿ ಬಿಡ್ರಿ ಸರ. ಗವಿಮಠದ ಜಾತ್ರಿ ಹೊತ್ತಿಗೆ ಬರ್ರಿ, ಎಣಿಸಾಕ ಆಗಂಗಿಲ್ಲ." ಆ ಜಾತ್ರೆ ಅಂದ್ರೆ ಜನವರಿ.

ತುಂಬಿದ ನೀರಿಗೂ ಅದರದೇ ಗಿರಾಕಿಗಳು ಇದ್ದಾವೆ. ಮೀಸೆ ರೀವ ಅನ್ನೋ ನೀರಹಕ್ಕಿಗಳು ಗಾಳಿಗೆ ಎದುರಾಗಿ ತೂಗಾಡ್ತಾ ನೀರಿನ ಮೇಲ್ಮೈ ಕುಕ್ಕುತ್ತಿದ್ದವು. ಚಳಿಗಾಲದ ಗರಿ ಆದ್ದರಿಂದ ಹೊಟ್ಟೆಯ ಕಪ್ಪು ಇಲ್ಲ, ಎಲ್ಲಾ ಬೆಳ್ಳಗೆ. ಆಮೇಲೆ ಮೀನು ಬೇಟೆಯಾಡೋ ಹದ್ದು, ಓಸ್ಪ್ರೇ. ಸಾಕಷ್ಟು ಎತ್ತರದಲ್ಲಿ ರೆಕ್ಕೆ ಬಡೀತಾ ಒಂದೇ ಕಡೆ ನಿಂತಿತ್ತು, ಕಾಲು ಮುಂದೆ ಚಾಚಿ ದಬ್ ಅಂತ ಬಿತ್ತು. ಮೇಲೆದ್ದಾಗ ಮೀನು ಅಡ್ಡ ಇತ್ತು. ನಾಯಿ ಮೈ ಕೊಡವಿದ ಹಾಗೆ ಹಾರ್ತಾನೇ ನೀರು ಕೊಡವಿತು, ನಂತರ ಹಿಡಿತ ಬದಲಿಸಿ ಮೀನಿನ ತಲೆಯನ್ನು ಗಾಳಿಯ ಕಡೆ ತಿರುಗಿಸಿಕೊಂಡಿತು. ಇದರ ಹೊರ ಬೆರಳು ಹಿಂದಕ್ಕೂ ತಿರುಗುತ್ತೆ, ಹೀಗಾಗಿ ಎರಡು ಮುಂದೆ ಎರಡು ಹಿಂದೆ ಮಾಡಿ ಜಾರೋ ಮೀನನ್ನೂ ಬಿಗಿಯಾಗಿ ಹಿಡಿಯೋದು. ಮುಳುಗಿ ಒಣಗಿದ ಮರದ ಮೇಲೆ ಕೂತು ಅದು ತಿಂದು ಮುಗಿಸೋವರೆಗೂ ನಾನು ಅಲುಗಾಡಲಿಲ್ಲ.

ನಮ್ಮ ದಂಡೆಯಿಂದ ನೋಡೋರಿಗೆ ಒಂದು ಮಾತು: ಎದುರು ಬಿಸಿಲು ಕಾಡುತ್ತೆ. ಈ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ನೀರಿರೋದೂ ಆ ಕಡೆಯೇ. 8×42 ಬೈನಾಕ್ಯುಲರ್ ಇದ್ದರೂ ಕಾಣೋದು ಬರೀ ಕಪ್ಪು ಆಕಾರ. ಬೆಳಗ್ಗೆ ನಾನು ಊರೊಳಗಿನ ಹುಲಿಕೆರೆಗೋ ಗಿಣಿಗೇರಾ ಕೆರೆಗೋ ಹೋಗ್ತೀನಿ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ದಂಡೆ ಮೇಲೆ ಬಾಲ ಕುಣಿಸೋ ಸಿಪಿಲೆ. ಹೊಸದೇನಿಲ್ಲ. ಗುಲಾಬಿ ಕಬ್ಬಕ್ಕಿ ಹಿಂಡು ಮಾತ್ರ ಆಗಲೇ ಬಂದಿದೆ, ಬಿಳಿಜೋಳ ಹಾಲುಗಾಳು ಹಿಡಿಯೋ ಹೊತ್ತಿಗೆ ಹೊಲದವರ ಕವಣೆಗೂ ಕೆಲಸ ಬರುತ್ತೆ.

ಎರಡನೇ ಬೆಳೆಗೆ ಕಾಲುವೆಗೆ ಎಷ್ಟು ನೀರು ಬಿಡಬೇಕು ಅಂತ ನೀರಾವರಿ ಸಲಹಾ ಸಮಿತಿ ತೀರ್ಮಾನಿಸೋದು ಸಾಮಾನ್ಯವಾಗಿ ಇದೇ ಹೊತ್ತಿಗೆ. ಸಿಂಧನೂರು, ಮಾನ್ವಿಯ ರೈತರ ಜೊತೆ ನಾನೂ ಆ ಸುದ್ದಿಗೆ ಕಾಯ್ತಿದ್ದೇನೆ. ಕಾಲುವೆಗೆ ನೀರು ಹೋದಂತೆ ಇಲ್ಲಿ ಕೆಸರು ತೆರೆದುಕೊಳ್ಳುತ್ತೆ. ಮೊದಲ ಗೊರವ ಎಷ್ಟು ಅಡಿಗೆ ಇಳಿಯುತ್ತೆ ಅನ್ನೋದು ನನ್ನ ಕಾಲಂನಲ್ಲಿ ದಾಖಲಾಗಬೇಕು.

ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಹಗಲೆಲ್ಲಾ ನೀರಿನಲ್ಲಿ, ಕತ್ತಲಾದ ಮೇಲೆ ಹೊಲದಲ್ಲಿ. ಅದಕ್ಕೇ ಹಿನ್ನೀರಿನ ಪಕ್ಕ ಕಡಲೆ ಹಾಕಿದವರಿಗೆ ನನ್ನ ನಂಬರ್ ಕೊಟ್ಟು ಬಂದಿದ್ದೇನೆ, ಬೆಳಗ್ಗೆ ಸಾಲಿನಲ್ಲಿ ಹಿಕ್ಕೆ ಕಂಡರೆ ಫೋನ್ ಮಾಡಿ ಅಂತ. "ಮಾಡ್ತೀನಿ ತಗೋರಿ," ಅಂದರು ಒಬ್ಬ ಯಜಮಾನರು, "ಆದ್ರ ಬಂದು ಓಡ್ಸೋದೂ ನೀವ ಓಡಸ್ಬೇಕು."