ಒಂಬತ್ತು ಗಂಟೆಯೊಳಗೆ ಪರದೆ

“ಇದ್ದೀನಿ ಕಣಮ್ಮಾ, ಇದ್ದೀನಿ!”

“ಇದ್ರೆ ಪರದೆ ತೆಗಿ!”

ಕಳೆದ ಶನಿವಾರದಿಂದ ಈ ಎರಡು ಮಾತು ನನ್ನ ಕಿವಿಯಲ್ಲೇ ಕೂತಿವೆ. ಪಾತ್ರೆ ತೊಳೆಯುವಾಗ ಕೇಳಿಸುತ್ತವೆ. ಆಫೀಸಿನ ಮೀಟಿಂಗ್ ಮಧ್ಯೆ ಕೇಳಿಸುತ್ತವೆ. ಆಡಿದವರು ಅರಿಜೋನಾದ ಮರುಭೂಮಿಯಲ್ಲಿ ಅಕ್ಕಪಕ್ಕದ ಟ್ರೈಲರುಗಳಲ್ಲಿ, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆಗಳಲ್ಲಿ, ಬಿಡಾರ ಹೂಡಿರುವ ಇಬ್ಬರು. ಒಳಗಿದ್ದ ಅಜ್ಜನಿಗೆ ಎಂಬತ್ತು ದಾಟಿರಬೇಕು. ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದ ಹೆಂಗಸಿಗೂ ಎಪ್ಪತ್ತರ ಮೇಲೆಯೇ. ಗಂಡ ಹೆಂಡತಿ ಅಲ್ಲ, ನೆಂಟರೂ ಅಲ್ಲ. ಬರೀ ಪಕ್ಕದವರು.

ಊರಿನ ಹೆಸರು ಕ್ವಾರ್ಟ್ಸ್‌ಸೈಟ್. ಟೂಸಾನ್‌ನಲ್ಲಿರುವ ಗೆಳತಿಯ ಮನೆಗೆ ನಾವು ಬಾಡಿಗೆ ಆರ್‌ವಿಯಲ್ಲಿ, ಅಂದರೆ ಒಳಗೇ ಅಡುಗೆ, ನಿದ್ದೆ ಎಲ್ಲ ಆಗುವ ಮನೆಯಂಥ ಗಾಡಿಯಲ್ಲಿ, ಹೊರಟಿದ್ದೆವು. ದಾರಿಯಲ್ಲಿ ಒಂದು ದಿನ ಯಾವ ಕಾರ್ಯಕ್ರಮವೂ ಇಲ್ಲದೆ ಸುಮ್ನೆ ಇರಬೇಕು ಅನ್ನುವುದು ನನ್ನ ಹಟ. ಲಾಸ್ ಏಂಜಲೀಸ್ ಕಡೆಯಿಂದ ಐ-10 ಹೆದ್ದಾರಿ ಹಿಡಿದು, ಬ್ಲೈತ್ ಹತ್ತಿರ ಕೊಲೊರಾಡೊ ನದಿ ದಾಟಿದರೆ ಅರಿಜೋನಾ. ಅಲ್ಲಿಂದ ಅರ್ಧ ಗಂಟೆಯೊಳಗೆ ಈ ಊರು ಸಿಗುತ್ತದೆ. ಸುತ್ತ ಬೋಳು ಬೆಟ್ಟ, ಕುರುಚಲು ಗಿಡ, ಅಲ್ಲಲ್ಲಿ ಆಳೆತ್ತರ ಮೀರಿದ ಸಗ್ವಾರೊ ಕಳ್ಳಿ.

2020ರ ಜನಗಣತಿಯಲ್ಲಿ ಇಲ್ಲಿದ್ದವರು 2,400 ಚಿಲ್ಲರೆ ಜನ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ಜಾಗ, ಆಗ ಊರು ಖಾಲಿ. ಚಳಿಗಾಲ ಬಂತೆಂದರೆ ಮಿನ್ನೆಸೋಟ, ಮೊಂಟಾನ, ಕೆನಡಾದ ಆಲ್ಬರ್ಟದಿಂದ ಆರ್‌ವಿಗಳ ಸಾಲು ಶುರು. ಹೆಚ್ಚಿನವರು ನಿವೃತ್ತರು. ಆರ್‌ವಿ ನಿಲ್ಲಿಸುವ ಪಾರ್ಕುಗಳು ತುಂಬಿದರೆ ಊರ ಹೊರಗಿನ ಸರ್ಕಾರಿ ಬಯಲಿದೆ. ಲಾ ಪೋಸಾ ಅನ್ನುವ ಬಯಲೊಂದೇ 11,000 ಎಕರೆಗಿಂತ ಜಾಸ್ತಿ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿ ಇರುವುದಕ್ಕೆ ಬಿಎಲ್‌ಎಂ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ ಪರ್ಮಿಟ್ ಕೊಡುತ್ತದೆ. ವರ್ಷಾನುಗಟ್ಟಲೆ ಅದರ ದರ 180 ಡಾಲರ್ ಇತ್ತು. ಏಳು ತಿಂಗಳಿಗೆ! ನಿಮ್ಮ ಜಾಗಕ್ಕೆ ಕರೆಂಟು, ನಲ್ಲಿ ಏನೂ ಇರುವುದಿಲ್ಲ. ಸೋಲಾರ್ ಪ್ಯಾನಲ್ಲು, ನೀರಿನ ಟ್ಯಾಂಕು ನಿಮ್ಮದೇ.

ನಾವು ಇಳಿದದ್ದು ಖಾಸಗಿ ಪಾರ್ಕಿನಲ್ಲಿ. ಸಣ್ಣ ಜಲ್ಲಿ ಹಾಸಿದ ನೆಲ, ಪ್ರತಿ ಜಾಗಕ್ಕೂ ಒಂದು ಕರೆಂಟ್ ಕಂಬ, ಒಂದು ನಲ್ಲಿ, ಕೊಳೆನೀರಿಗೆ ಒಂದು ಕೊಳವೆ. ಹಳಬರು ತಮ್ಮ ಟ್ರೈಲರಿನ ಮುಂದೆ ಬಣ್ಣದ ಕಲ್ಲು ಜೋಡಿಸಿಕೊಂಡು ಅಂಗಳ ಮಾಡಿಕೊಂಡಿದ್ದರು. ನನಗೆ ಅದು ತುಂಬಾ ಇಷ್ಟವಾಯಿತು. ಚಕ್ರದ ಮೇಲಿನ ಮನೆಗೂ ಅಂಗಳ ಬೇಕು ಅನಿಸುತ್ತದಲ್ಲ ಮನುಷ್ಯನಿಗೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಒಬ್ಬಳೇ ಸುತ್ತಾಡಲು ಹೊರಟೆ. ರಾತ್ರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಗಿಡದ ಬುಡದಲ್ಲಿ ಗ್ಯಾಂಬೆಲ್ ಲಾವಕ್ಕಿಗಳು ತಲೆಯ ಜುಟ್ಟು ಅಲ್ಲಾಡಿಸಿಕೊಂಡು ಓಡಾಡುತ್ತಿದ್ದವು. ಆಗ ದಡ್ ದಡ್ ಅಂತ ಬಾಗಿಲು ಬಡಿಯುವ ಸದ್ದು. ನೋಡಿದರೆ, ಬಿಳಿ ಕೂದಲಿನ ಹೆಂಗಸೊಬ್ಬರು ಒಂದು ಟ್ರೈಲರಿನ ಮೆಟ್ಟಿಲ ಮೇಲೆ ನಿಂತು ಅಂಗೈಯಲ್ಲಿ ಬಡಿಯುತ್ತಿದ್ದಾರೆ. ಕೂಗುತ್ತಿದ್ದಾರೆ. ಯಾರಿಗೋ ಏನೋ ಆಗಿದೆ ಅಂತ ನನ್ನ ಎದೆ ಧಸಕ್ಕೆಂದಿತು. ಓಡಿ ಹತ್ತಿರ ಹೋದೆ. ಅಷ್ಟರಲ್ಲಿ ಒಳಗಿನಿಂದ ಸಿಟ್ಟಿನ ದನಿ ಬಂತು: ಇದ್ದೀನಿ ಕಣಮ್ಮಾ, ಇದ್ದೀನಿ! ಆಕೆ ಒಂದು ಕ್ಷಣವೂ ತಡಮಾಡದೆ ಹೇಳಿದರು: ಇದ್ರೆ ಪರದೆ ತೆಗಿ! ಕಿಟಕಿಯ ಪರದೆ ಸರ್ರನೆ ಮೇಲೆ ಹೋಯಿತು. ಗಾಜಿನ ಹಿಂದೆ ಪೈಜಾಮದಲ್ಲಿದ್ದ ಅಜ್ಜ ಎರಡೂ ಕೈ ಎತ್ತಿ ತೋರಿಸಿದರು. ಆಕೆ ಮೆಟ್ಟಿಲಿಳಿದು ಬಂದರು.

ನನ್ನ ಮುಖ ನೋಡಿ ಅವರೇ ವಿವರಿಸಿದರು. ಆ ಸಾಲಿನಲ್ಲಿ ಒಂಟಿಯಾಗಿ ಇರುವವರೆಲ್ಲ ಸೇರಿ ಮಾಡಿಕೊಂಡಿರುವ ನಿಯಮ ಅದು. ಬೆಳಿಗ್ಗೆ ಒಂಬತ್ತರೊಳಗೆ ದಾರಿಯ ಕಡೆಯ ಕಿಟಕಿಯ ಪರದೆ ಸರಿಸಬೇಕು. ಸರಿಸದಿದ್ದರೆ ಪಕ್ಕದವರು ಬಂದು ಬಡಿಯುತ್ತಾರೆ. ಉತ್ತರ ಬರದಿದ್ದರೆ ಇನ್ನೊಂದು ಕೀ ಅವರ ಹತ್ತಿರ ಇರುತ್ತದೆ. ಎಲ್ಲರ ಟ್ರೈಲರಿನ ಫ್ರಿಜ್ಜಿನ ಮೇಲೂ ಒಂದು ಹಾಳೆ: ಯಾವ ಔಷಧಿ, ಯಾವ ಡಾಕ್ಟರು, ಯಾವ ಮಗನಿಗೆ ಫೋನ್ ಮಾಡಬೇಕು. ಹಿಂದೊಮ್ಮೆ ಒಬ್ಬರು ಬಚ್ಚಲಲ್ಲಿ ಬಿದ್ದು ಮಧ್ಯಾಹ್ನದವರೆಗೂ ಯಾರಿಗೂ ತಿಳಿಯಲಿಲ್ಲವಂತೆ. ಆಮೇಲೆ ಶುರುವಾದದ್ದು. “ಮುಜುಗರ ಆಗಲ್ವಾ, ಹೀಗೆ ಬಡಿಯೋಕೆ?” ಅಂತ ಕೇಳಿದೆ. “ಅವನಿಗೆ ಸಿಟ್ಟು ಬಂದ್ರೆ ಬರಲಿ. ಸಿಟ್ಟು ಬಂತು ಅಂದ್ರೆ ಚೆನ್ನಾಗಿದಾನೆ ಅಂತ” ಅಂದರು.

ಅವರು ಮೊದಲು ಶಾಲಾ ಬಸ್ಸು ಓಡಿಸುತ್ತಿದ್ದವರು. ಗಂಡ ತೀರಿಕೊಂಡ ಮೇಲೆ ಮನೆ ಮಾರಿ, ಟ್ರೈಲರ್ ಎಳೆಯುವುದನ್ನು ತಾವೇ ಕಲಿತರು. ಈಗ ವರ್ಷವಿಡೀ ರಸ್ತೆಯಲ್ಲೇ. ವಿಳಾಸ ಮಾತ್ರ ಸೌತ್ ಡಕೋಟದ್ದು. ಹೀಗೆ ಪೂರ್ತಿ ಆರ್‌ವಿಯಲ್ಲೇ ಇರುವ ಬಹಳ ಜನ ಸೌತ್ ಡಕೋಟ, ಟೆಕ್ಸಾಸ್ ಅಥವಾ ಫ್ಲಾರಿಡಾದ ವಿಳಾಸ ಇಟ್ಟುಕೊಳ್ಳುತ್ತಾರೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಟಪಾಲು ಬಂದರೆ ನೀವಿರುವಲ್ಲಿಗೆ ಕಳಿಸಿಕೊಡುವವರೂ ಇದ್ದಾರೆ. ಆಕೆಯ ದನಿ ಜೋರು, ಅಧಿಕಾರ ಇನ್ನೂ ಜೋರು. ನನಗೆ ಅಂಥವರನ್ನು ಕಂಡರೆ ಮೊದಲಿನಿಂದಲೂ ಗೌರವ. ನಯವಾಗಿ ಮಾತಾಡಿ ಬಾಗಿಲು ಹಾಕಿಕೊಳ್ಳುವವರಿಗಿಂತ ಇವರು ಎಷ್ಟೋ ಮೇಲು.

ಮಧ್ಯಾಹ್ನ ಕಲ್ಲಿನ ಸಂತೆಗೆ ಹೋದೆವು. ಚಳಿಗಾಲವಿಡೀ ಇಲ್ಲಿ ಹರಳು, ಖನಿಜಗಳ ವ್ಯಾಪಾರ. ಮಗ ಒಂದು ಚೀಲ ಕಲ್ಲು ಆರಿಸಿಕೊಂಡ. ಆಮೇಲೆ ಊರಿನ ಸ್ಮಶಾನಕ್ಕೆ. ಅಲ್ಲಿ ಕಲ್ಲಿನ ಸಣ್ಣ ಪಿರಮಿಡ್ಡು, ಅದರ ತುದಿಯಲ್ಲಿ ತಾಮ್ರದ ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೇನೆ ಈ ಮರುಭೂಮಿಯಲ್ಲಿ ಸಾಮಾನು ಹೊರಲು ಒಂಟೆ ತರಿಸಿತ್ತು. ಅದಕ್ಕೆ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, 30,000 ಡಾಲರ್ ಮಂಜೂರು ಮಾಡಿತ್ತು. 1856ರಲ್ಲಿ ಟೆಕ್ಸಾಸ್ ತೀರಕ್ಕೆ ಬಂದಿಳಿದ ಒಂಟೆಗಳ ಜೊತೆ ಬಂದವನು ಹಾಜಿ ಅಲಿ. ಸೈನಿಕರ ಬಾಯಲ್ಲಿ ಹೈ ಜಾಲಿ ಆದ. ಒಂಟೆಗಳು ಚೆನ್ನಾಗಿಯೇ ಕೆಲಸ ಮಾಡಿದವು. ಆದರೆ ಕುದುರೆ, ಹೇಸರಗತ್ತೆಗಳು ಅವನ್ನು ಕಂಡರೆ ಬೆದರುತ್ತಿದ್ದವು. ಅಂತರ್ಯುದ್ಧ ಶುರುವಾದ ಮೇಲೆ ಸೇನೆ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಕೆಲವು ಒಂಟೆಗಳನ್ನು ಮಾರಿದರು, ಕೆಲವು ಬಯಲಿನ ಪಾಲಾದವು. ಹಾಜಿ ಅಲಿ ಊರಿಗೆ ಹಿಂತಿರುಗಲಿಲ್ಲ. 1902ರ ಡಿಸೆಂಬರ್‌ನಲ್ಲಿ ಇಲ್ಲೇ ತೀರಿಕೊಂಡ. ಅವನ ಸಮಾಧಿಯ ಮೇಲೆ ಈ ಪಿರಮಿಡ್ಡನ್ನು 1935ರಲ್ಲಿ ಅರಿಜೋನಾದ ಹೆದ್ದಾರಿ ಇಲಾಖೆ ಕಟ್ಟಿಸಿತು. ಫಲಕದಲ್ಲಿ ‘ಹೈ ಜಾಲಿಯ ಕೊನೆಯ ಬಿಡಾರ’ ಅಂತ ಬರೆದಿದೆ. ಹುಟ್ಟಿದ್ದು ಸಿರಿಯಾದಲ್ಲಿ ಎಲ್ಲೋ, 1828ರ ಸುಮಾರಿಗೆ ಅಂತಲೂ ಇದೆ.

ಬೇರೆ ದಿನವಾಗಿದ್ದರೆ ಒಂಟೆಗಳ ಕಥೆಯೇ ನನಗೆ ಸಾಕಾಗುತ್ತಿತ್ತು. ಅವತ್ತು ಮಾತ್ರ ಬೇರೆ ಪ್ರಶ್ನೆ ಬಂತು. ಇಷ್ಟು ದೂರ ಬಂದ ಮನುಷ್ಯ ಕೊನೆಗೆ ಏಳಲಿಲ್ಲ ಅನ್ನುವುದು ಮೊದಲು ಯಾರಿಗೆ ಗೊತ್ತಾಯಿತು? ಯಾರಾದರೂ ಬಂದು ಕೂಗಿದರಾ?

ಸಂಜೆ ನಾಲ್ಕಕ್ಕೆ ಪಾರ್ಕಿನವರೆಲ್ಲ ಮಡಚುವ ಕುರ್ಚಿ ತಂದು ದುಂಡಗೆ ಕೂತರು. ಬೆಳಗಿನ ಅಜ್ಜನೂ ಇದ್ದರು. ಆಕೆಯ ಪಕ್ಕದಲ್ಲೇ. ಇಬ್ಬರೂ ಬೆಳಗಿನ ವಿಷಯ ಎತ್ತಲೇ ಇಲ್ಲ. ಆಕೆ ಚಿಪ್ಸ್ ತಟ್ಟೆ ಕೊಟ್ಟರು, ಉಪ್ಪು ಜಾಸ್ತಿ ತಿನ್ನಬೇಡ ಅಂತ ಅಜ್ಜನಿಗೆ ಗದರಿದರು, ಅಜ್ಜ ಇನ್ನೊಂದು ಹಿಡಿ ತೆಗೆದುಕೊಂಡರು. ಮಕ್ಕಳು ಬರುತ್ತಾರಾ ಅಂತ ಕೇಳಿದ್ದಕ್ಕೆ ಅಜ್ಜ, ಮಗಳು ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ ಅಂದರು. ಆಮೇಲೆ ಪಕ್ಕಕ್ಕೆ ಬೆರಳು ತೋರಿಸಿ, “ಉಳಿದ ಆರು ದಿನಕ್ಕೆ ಇವಳಿದಾಳೆ” ಅಂದರು.

ನನ್ನ ಚಿಕ್ಕಪ್ಪ ಪ್ರತಿ ಸಲ ಫೋನಿನಲ್ಲಿ ಹೇಳುವ ಮಾತೊಂದಿದೆ. ಪಾಪ, ಆ ದೇಶದಲ್ಲಿ ವಯಸ್ಸಾದವರನ್ನ ಯಾರೂ ನೋಡಲ್ಲ ಅಲ್ವಾ. ಈ ಮಾತು ಇನ್ನು ನನಗೆ ಬೇಡ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಅಮ್ಮ ಇರುವ ಕ್ರಾಸಿನಲ್ಲಿ ಹೆಚ್ಚಿನ ಮನೆಗಳಲ್ಲಿ ಈಗ ವಯಸ್ಸಾದವರು ಮಾತ್ರ. ಮಕ್ಕಳು ಬೆಂಗಳೂರು, ಡಲ್ಲಾಸ್, ಮೆಲ್ಬರ್ನ್. ನಡುಮನೆಯಲ್ಲಿ ಕ್ಯಾಮೆರಾ ಹಾಕಿಸಿ ಅಲ್ಲಿಂದಲೇ ಅಪ್ಪ ಅಮ್ಮನನ್ನು ನೋಡುತ್ತಾರೆ. ನೋಡುವುದು ತಪ್ಪಲ್ಲ. ಆದರೆ ಬಿದ್ದವರನ್ನು ಕ್ಯಾಮೆರಾ ಎತ್ತಲಾರದು. ಎತ್ತಬೇಕಾದವರು ಎದುರು ಮನೆಯಲ್ಲಿದ್ದಾರೆ, ಅವರ ಫೋನ್ ನಂಬರೂ ನಮ್ಮ ಹತ್ತಿರ ಇರುವುದಿಲ್ಲ.

ಅರಿಜೋನಾದಲ್ಲಿ ಸಂಜೆ ಏಳಾದರೆ ಮೈಸೂರಿನಲ್ಲಿ ಬೆಳಿಗ್ಗೆ ಏಳೂವರೆ. ಅಮ್ಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಪರದೆಯ ಮಾತು ಬಂದಾಗ ಅಮ್ಮ ಜೋರಾಗಿ ನಕ್ಕರು. ಆಮೇಲೆ ಅಂದರು: “ನಮ್ಮಲ್ಲೂ ಇತ್ತಲ್ಲೇ. ಏಳು ಗಂಟೆಗೆ ಬಾಗಿಲಲ್ಲಿ ರಂಗೋಲಿ ಇಲ್ಲ ಅಂದ್ರೆ ಎದುರು ಮನೆ ಟೀಚರ್ ಬಂದು ಕೇಳೋರು, ಯಾಕೆ, ಹುಷಾರಿಲ್ವಾ ಅಂತ.”

“ಈಗ ಕೇಳಲ್ವಾ?”

“ಈಗ ಸ್ಟಿಕರ್ ಅಂಟಿಸಿದೀನಲ್ಲ. ಬಗ್ಗೋಕಾಗಲ್ಲ, ಮಂಡಿ ನೋವು. ಅದು ಯಾವಾಗ್ಲೂ ಇರುತ್ತೆ.”

ನನಗೆ ಆ ಕ್ಷಣ ಮಾತೇ ಹೊರಡಲಿಲ್ಲ. ಆ ಸ್ಟಿಕರನ್ನು ನಾನು ಎಷ್ಟೋ ಸಲ ದಾಟಿ ಒಳಗೆ ಹೋಗಿದ್ದೇನೆ. ಅಮ್ಮ ಎದ್ದರೂ ಅದು ಹಾಗೇ, ಏಳದಿದ್ದರೂ ಹಾಗೇ. ಹಾಲಿನವನೂ ಅಷ್ಟೇ. ಮೊದಲು ಬಾಗಿಲಿಗೆ ಬಂದು ಪಾತ್ರೆಗೆ ಹಾಕಿ ಎರಡು ಮಾತಾಡಿ ಹೋಗುತ್ತಿದ್ದ. ಈಗ ಆ್ಯಪ್‌ನಲ್ಲಿ ಆರ್ಡರು, ಬೆಳಗಿನ ಜಾವ ಯಾರೋ ಬಂದು ಗೇಟಿನ ಚೀಲಕ್ಕೆ ಪ್ಯಾಕೆಟ್ ಹಾಕಿ ಹೋಗುತ್ತಾರೆ. ನಿನ್ನೆಯದು ಅಲ್ಲೇ ಇದ್ದರೂ ಅದರ ಮೇಲೆ ಇವತ್ತಿನದು ಬೀಳುತ್ತದೆ. ಹೂವಿನವಳು, ಪೇಪರಿನ ಹುಡುಗ, ತರಕಾರಿ ಗಾಡಿಯವನು, ಇವರೆಲ್ಲ ದಿನಾ ಒಂದು ಸಲ ನಮ್ಮ ಅಮ್ಮನ ಮುಖ ನೋಡುತ್ತಿದ್ದರು. ಒಬ್ಬೊಬ್ಬರಾಗಿ ಕಮ್ಮಿಯಾದರು. ಒಂದೊಂದು ಸಲವೂ ನಮಗೆ ಅನುಕೂಲ ಆಯಿತು ಅಂತಲೇ ಅನಿಸಿತ್ತು.

ಕ್ವಾರ್ಟ್ಸ್‌ಸೈಟಿನವರಿಗೆ ಇಂಥದ್ದು ಯಾವುದೂ ಇರಲಿಲ್ಲ. ಹಾಲಿನವನಿಲ್ಲ, ರಂಗೋಲಿ ಇಲ್ಲ, ತಲೆಮಾರಿನ ಪರಿಚಯವಿಲ್ಲ. ಏಪ್ರಿಲ್ ಬಂದರೆ ಗಾಡಿ ಕಟ್ಟಿಕೊಂಡು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಹಾಗಾಗಿ ಕೂತು ಮಾತಾಡಿ ನಿಯಮ ಮಾಡಿಕೊಂಡರು. ನಾನು ಸತ್ತು ಬಿದ್ದಿದ್ದರೆ ನೀನು ಬಂದು ನೋಡು ಅಂತ ಬಾಯಿಬಿಟ್ಟು ಕೇಳಿದರು. ಕೇಳುವುದಕ್ಕೆ ಧೈರ್ಯ ಬೇಕು. ನಮ್ಮ ಕಡೆ ಹಾಗೆ ಕೇಳಿದರೆ ಅಪಶಕುನ ಅನ್ನುತ್ತಾರೆ, ಬಿಡ್ತು ಅನ್ನು ಅನ್ನುತ್ತಾರೆ.

ಅಮ್ಮನಿಗೂ ಮೊದಲು ಹಾಗೇ ಅನಿಸಿತು. “ನಾನು ಹೋಗಿ ಟೀಚರ್ ಹತ್ರ ಏನಂತ ಕೇಳಲಿ?” ಅಂದರು. ಎರಡು ದಿನ ಬಿಟ್ಟು ತಾವೇ ಹೋಗಿ ಕೇಳಿದ್ದಾರೆ. ಟೀಚರ್ ಕೂಡ ಒಬ್ಬರೇ ಇರುವುದು. ಅವರು ಅತ್ತುಬಿಟ್ಟರಂತೆ. ಹೋದ ಮಳೆಗಾಲದಲ್ಲಿ ಜ್ವರ ಬಂದು ಇಡೀ ದಿನ ಮಲಗಿದ್ದಾಗ ಯಾರಿಗೂ ಹೇಳಲು ಆಗದೆ ಹೆದರಿದ್ದರಂತೆ. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಅಮ್ಮನಿಗೆ ಅದು ಗೊತ್ತಾದದ್ದು ಈಗ.

ಮುಂಬಾಗಿಲ ಲೈಟು ಇಬ್ಬರೂ ರಾತ್ರಿಯಿಡೀ ಹಾಕಿರುತ್ತಾರೆ. ಬೆಳಿಗ್ಗೆ ಅದನ್ನು ಆರಿಸಬೇಕು, ಆರದಿದ್ದರೆ ಇನ್ನೊಬ್ಬರು ಹೋಗಿ ಬಡಿಯಬೇಕು ಅಂತ ಒಪ್ಪಂದ. ಅಮ್ಮ ಆರೂವರೆ ಅಂದರು. ಟೀಚರ್ ಎಂಟು ಅಂದರು. ಕೊನೆಗೆ ಏಳೂವರೆಗೆ ಇತ್ಯರ್ಥವಾಗಿದೆ. ಒಂದೇ ತೊಡಕು, ಅಮ್ಮ ರಾತ್ರಿ ಒಳಗಿನಿಂದ ಚಿಲಕ ಹಾಕುತ್ತಾರೆ, ಕೀ ಇದ್ದರೂ ಪ್ರಯೋಜನವಿಲ್ಲ. ಭಾನುವಾರ ನನ್ನ ತಮ್ಮ ಬೆಂಗಳೂರಿನಿಂದ ಹೋಗಿ, ಬಡಗಿಯನ್ನು ಕರೆಸಿ, ಚಿಲಕ ತೆಗೆಸಿ ಹೊರಗಿನಿಂದಲೂ ತೆರೆಯುವ ಬೀಗ ಹಾಕಿಸುತ್ತಾನೆ. ಟೀಚರ್ ತಮ್ಮ ಮನೆಯ ಇನ್ನೊಂದು ಕೀ ಆಗಲೇ ತಂದು ಅಮ್ಮನ ಕೈಗೆ ಕೊಟ್ಟಿದ್ದಾರೆ.