ನಂಬರ್ ಫೋರ್ ಎಂಬ ಊರು, ಅತ್ತವೂ ಇಲ್ಲ ಇತ್ತವೂ ಇಲ್ಲ

ಗಡಿ ವಿಷಯ ಅಂದ್ರೆ ನಮ್ಮ ಕಾಸರಗೋಡಿನವರಿಗೆ ಕಿವಿ ಸ್ವಲ್ಪ ಬೇಗ ನೆಟ್ಟಗಾಗ್ತದೆ, ಅದು ಎಲ್ಲಿಯ ಗಡಿಯೇ ಆಗ್ಲಿ. 1956 ನವೆಂಬರ್ 1ಕ್ಕೆ ನಮ್ಮ ಹಿರಿಯರು ಬೆಳಿಗ್ಗೆ ಎದ್ದಾಗ ಮನೆ ಅಲ್ಲೇ, ತೋಟ ಅಲ್ಲೇ, ರಾಜ್ಯ ಮಾತ್ರ ಬೇರೆ. ಮತ್ತೆ ಮಹಾಜನ ವರದಿ ಬಂತು, ಚಂದ್ರಗಿರಿ ಹೊಳೆಯ ಬಡಗು ಬದಿ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿತು, ಅದು ಕಾಗದದಲ್ಲೇ ಉಳೀತು, ಆ ಪುರಾಣ ನಿಮಗೆಲ್ಲ ಗೊತ್ತುಂಟು, ನಾನು ಪುನಃ ಶುರು ಮಾಡುದಿಲ್ಲ. ಇವತ್ತು ಬರೀಲಿಕ್ಕೆ ಹೊರಟದ್ದು ಅಮೆರಿಕದ ಒಂದು ಸಣ್ಣ ಊರಿನ ಕತೆ, ಅದೂ ಇನ್ನೂ ಅಮೆರಿಕ ಅಂತ ದೇಶವೇ ಆಗಿರದ ಕಾಲದ್ದು. ಓದ್ತಾ ಓದ್ತಾ ನನಗೆ ಇದು ಎಲ್ಲೋ ಮಂಜೇಶ್ವರ ಆಚೀಚೆ ನಡೆದದ್ದಾ ಅಂತ ಅನ್ನಿಸಿ ಹೋಯ್ತು.

ಊರಿನ ಹೆಸರು ನಂಬರ್ ಫೋರ್. ಹೌದು, ಅಷ್ಟೇ. ಕನೆಕ್ಟಿಕಟ್ ಹೊಳೆಯ ಬದಿಯ ಕಾಡನ್ನು, ಆಗ ಇಂಗ್ಲಿಷರ ವಸಾಹತಾಗಿದ್ದ ಮ್ಯಾಸಚೂಸೆಟ್ಸಿನ ಸರಕಾರದವರು 1735ರ ಹೊತ್ತಿಗೆ ಕಾಗದದ ಮೇಲೆ ತುಂಡು ತುಂಡು ಮಾಡಿ ಒಂದು ಎರಡು ಮೂರು ಅಂತ ನಂಬರ್ ಹಾಕಿ ಹಂಚಿದ್ರು, ಹೆಸರು ಇಡ್ಲಿಕ್ಕೆ ಪುರುಸೊತ್ತು ಆಗ್ಲಿಲ್ಲ ಅಂತ ಕಾಣ್ತದೆ. ಅದು ಅಲ್ಲಿನ ಮೂಲನಿವಾಸಿಗಳಾದ ಅಬೆನಾಕಿ ಜನರ ಜಾಗ, ಅವರನ್ನು ಕೇಳುವ ಪ್ರಶ್ನೆಯೇ ಬರ್ಲಿಲ್ಲ. ನಾಲ್ಕನೇ ತುಂಡಿಗೆ ಕೆಲವು ಕುಟುಂಬಗಳು ಹೋಗಿ ಮರ ಕಡಿದು ಜೋಳ ಬಿತ್ತಿ ಕೂತಾಗ ಇಂಗ್ಲಿಷರ ವಸತಿಯಲ್ಲಿ ಎಲ್ಲಕ್ಕಿಂತ ಬಡಗಿನ ಮೂಲೆ ಅದು, ಆಚೆ ಕಾಡು, ಕಾಡಿನ ಆಚೆ ಫ್ರೆಂಚರ ಕೆನಡಾ.

ಅಷ್ಟರಲ್ಲಿ ಗಡಿ ಬದಲಾಯ್ತು. ಮ್ಯಾಸಚೂಸೆಟ್ಸಿಗೂ ನ್ಯೂ ಹ್ಯಾಂಪ್‌ಶೈರಿಗೂ ತುಂಬ ಕಾಲದಿಂದ ತಕರಾರು ಇತ್ತು, 1740ರಲ್ಲಿ ಲಂಡನ್ನಿಂದ ತೀರ್ಮಾನ ಬಂತು, ಗೆರೆ ತೆಂಕಿಗೆ ಜಾರಿತು, ನಂಬರ್ ಫೋರ್ ನ್ಯೂ ಹ್ಯಾಂಪ್‌ಶೈರಿನ ಪಾಲಿಗೆ ಹೋಯ್ತು. ಗೆರೆ ಎಳೆದವರು ಯಾರೂ ಆ ಹೊಳೆ ಕಂಡವರಲ್ಲ. 1744ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ಶುರುವಾಯ್ತು ನೋಡಿ, ಆಗ ತಮಾಷೆ. ನ್ಯೂ ಹ್ಯಾಂಪ್‌ಶೈರಿನ ಅಸೆಂಬ್ಲಿ ಹೇಳಿತು, ಅದು ದೂರ, ಆ ಜನ ನಮ್ಮವರಲ್ಲ, ಕಾವಲಿಗೆ ದುಡ್ಡು ಕೊಡ್ಲಿಕ್ಕೆ ಆಗುದಿಲ್ಲ. ಮ್ಯಾಸಚೂಸೆಟ್ಸಿನದ್ದು ಇನ್ನೊಂದು ರಾಗ, ಜನ ನಮ್ಮವರೇ ಆದ್ರೆ ಜಾಗ ನಮ್ಮದಲ್ಲ, ಹಾಗಂತ ಬಿಟ್ಟರೆ ಮುಂದಿನ ಸರದಿ ನಮ್ಮ ಊರುಗಳದ್ದು. ಹಾಗಾಗಿ ಒಮ್ಮೆ ಸೈನಿಕರನ್ನು ಕಳಿಸುದು, ಒಮ್ಮೆ ವಾಪಸ್ ಕರೆಸುದು. ನಮಗೆ ಇದು ಹೊಸತಾ ಹೇಳಿ.

ಊರಿನವರೇ ಕೋಟೆ ಕಟ್ಟಿಕೊಂಡ್ರು. ಕೋಟೆ ಅಂದ ಕೂಡ್ಲೇ ನಮ್ಮ ಕಣ್ಣಿಗೆ ಬೇಕಲ ಬರ್ತದೆ, 40 ಎಕರೆ, ಮುರಕಲ್ಲಿನ ಗೋಡೆ, ಸಮುದ್ರದ ಬದಿ ಬುರುಜು, ಗೋಡೆಯ ತೂತುಗಳು ಸಹ ದೂರದವರಿಗೆ ಒಂದು ಓರೆ ಹತ್ತಿರದವರಿಗೆ ಒಂದು ಓರೆ, ಕೆಳದಿಯ ಶಿವಪ್ಪ ನಾಯಕನ ಕಾಲದ ಲೆಕ್ಕಾಚಾರ ಅದು. ನಂಬರ್ ಫೋರ್‌ನ ಕೋಟೆ ಹಾಗಲ್ಲ, ಒಟ್ಟು ಮುಕ್ಕಾಲು ಎಕರೆ ಆಸುಪಾಸು. ಇದ್ದ ಮರದ ಮನೆಗಳನ್ನೇ ಚೌಕಕ್ಕೆ ಬರುವ ಹಾಗೆ ತಂದು ಜೋಡಿಸಿ, ನಡುವಿನ ಜಾಗಕ್ಕೆ ಇಳಿಮಾಡು ಹಾಕಿ ಮುಚ್ಚಿ, ಒಳಗೆ ಅಂಗಳ ಉಳಿಸಿಕೊಂಡದ್ದು, ನಮ್ಮ ಹಳೇ ಚೌಕಿ ಮನೆ ಇದ್ದ ಹಾಗೆಯೇ ಅನ್ನಿ. ಹೊರಗಿನಿಂದ ಮರದ ಕಂಬಗಳ ಬೇಲಿ, ಅದನ್ನೂ ಒತ್ತೊತ್ತಾಗಿ ನಿಲ್ಲಿಸಲಿಲ್ಲ, ನಡುವೆ ಕೆಲವು ಇಂಚು ಸಂದು ಬಿಟ್ಟಿದ್ರು, ಒಳಗಿದ್ದವರಿಗೆ ಹೊರಗೆ ಕಾಣ್ಬೇಕು, ಕೋವಿ ತೂರಿಸಿ ಹೊಡೀಲಿಕ್ಕೂ ಆಗ್ಬೇಕು. ನಮ್ಮ ಭಾವನಿಗೆ ಫೋಟೋ ತೋರಿಸಿದೆ, "ಎಂತ ಮಾರಾಯ, ಇದಕ್ಕೆ ಕೋಟೆ ಅಂತ ಹೇಳುದಾ, ಒಂದು ಬೆಂಕಿಕಡ್ಡಿ ಸಾಕು" ಅಂತ ನೆಗಾಡಿದ್ರು. ಅವರು ಹೇಳಿದ್ದು ಸರಿಯೇ, ಬೆಂಕಿಯೇ ಅಲ್ಲಿನ ದೊಡ್ಡ ಹೆದರಿಕೆ.

1746 ಪೂರ್ತಿ ಕಷ್ಟದ ವರ್ಷ. ಏಪ್ರಿಲ್‌ನಲ್ಲಿ ಎತ್ತು ಹೂಡಿಕೊಂಡು ಮಿಲ್ಲಿನ ಕಡೆ ಹೋದವರನ್ನು ಫ್ರೆಂಚರ ಕಡೆಯ ಅಬೆನಾಕಿಗಳು ಹಿಡ್ಕೊಂಡು ಹೋದ್ರು. ಮೇ ತಿಂಗಳಲ್ಲಿ ಹೆಂಗಸರು ಹಾಲು ಕರೀಲಿಕ್ಕೆ ಹೋಗುವಾಗ ಜೊತೆಗೆ ಕಾವಲು ಹೋದ ಸೇಥ್ ಪಟ್ನಮ್ ಎಂಬವನು ಗುಂಡು ತಾಗಿ ಸತ್ತ. ಹಾಲು ಕರೀಲಿಕ್ಕೆ ಕೋವಿ ಹಿಡ್ಕೊಂಡ ಕಾವಲು, ಯೋಚನೆ ಮಾಡಿ. ಕಡೆಗೆ ಊರಿನವರು ಬಿಟ್ಟು ಹೊರಟರು, ಚಳಿಗಾಲಕ್ಕೆ ಸೈನಿಕರೂ ಹೋದ್ರು, ಕೋಟೆ ಖಾಲಿ. 1747 ಮಾರ್ಚ್ ಕೊನೆಗೆ ಕ್ಯಾಪ್ಟನ್ ಫಿನಿಯಸ್ ಸ್ಟೀವನ್ಸ್ 30 ಜನರನ್ನು ಕಟ್ಟಿಕೊಂಡು ವಾಪಸ್ ಬಂದಾಗ ಕೋಟೆ ಇದ್ದ ಹಾಗೇ ಉಂಟು, ಎದುರುಗೊಂಡದ್ದು ಒಂದು ಮುದಿ ನಾಯಿ, ಒಂದು ಬೆಕ್ಕು, ಹೋಗುವಾಗ ಬಿಟ್ಟು ಹೋದವು.

ಈ ಸ್ಟೀವನ್ಸ್ ಸಾಮಾನ್ಯ ಜನ ಅಲ್ಲ. ಹುಡುಗನಾಗಿದ್ದಾಗ 1723ರಲ್ಲಿ ಇವನನ್ನೂ ಪುಟ್ಟ ತಮ್ಮನನ್ನೂ ಅಬೆನಾಕಿಗಳು ಹಿಡಿದು ಕೆನಡಾಕ್ಕೆ ಕೊಂಡೋಗಿದ್ರು, ಅವರ ಜೊತೆ ಇದ್ದು ಅವರ ಭಾಷೆ, ಕಾಡಿನ ಯುದ್ಧದ ಕ್ರಮ ಎಲ್ಲ ಕಲಿತು ಬಂದಿದ್ದ.

ಬಂದು ಕೆಲವೇ ದಿನ, ಏಪ್ರಿಲ್ 4ಕ್ಕೆ ಬೆಳಿಗ್ಗೆ ನಾಯಿಗಳು ಒಂದೇ ಸಮ ಗಲಾಟೆ. ಏನೋ ಉಂಟು ಅಂತ ಸ್ಟೀವನ್ಸ್ ಬಾಗಿಲು ತೆಗೀಲಿಕ್ಕೆ ಬಿಡ್ಲಿಲ್ಲ. ಒಬ್ಬ ಮಾತ್ರ ಹೊರಗೆ ಹೋಗಿ ನಾಯಿಗಳನ್ನು ಛೂ ಬಿಟ್ಟ, ಅಡಗಿ ಕೂತಿದ್ದವರು ಎದ್ದು ಗುಂಡು ಹಾರಿಸಿದ್ರು, ಅವನು ಸಣ್ಣ ಗಾಯದಲ್ಲಿ ಓಡಿ ಒಳಗೆ ಬಂದ. ಅಲ್ಲಿಂದ ಮೂರು ದಿನ ಮುತ್ತಿಗೆ. ಎದುರು ಫ್ರೆಂಚ್ ಅಧಿಕಾರಿ ನಿವರ್‌ವಿಲ್, ಅವನ ಜೊತೆ ಫ್ರೆಂಚರು ಮತ್ತು ಅಬೆನಾಕಿಗಳು, ಸ್ಟೀವನ್ಸ್ ಲೆಕ್ಕದಲ್ಲಿ 700 ಜನ. ನನಗೆ ಇದು ಜಾಸ್ತಿ ಅಂತಲೇ ಕಾಣುದು, ಗೆದ್ದವನು ಎದುರಾಳಿಯ ಲೆಕ್ಕ ಕಮ್ಮಿ ಮಾಡಿ ಹೇಳಿದ್ದುಂಟಾ?

ಅವರು ಮೊದ್ಲು ಬೇಲಿಗಳಿಗೆ, ಹತ್ತಿರದ ಮರದ ಮನೆಗೆ ಬೆಂಕಿ ಕೊಟ್ಟರು. ಗಾಳಿ ಜೋರು, ಕೋಟೆಯಿಡೀ ಹೊಗೆ. ಬೆಂಕಿಯ ಬಾಣ ಬೇರೆ. ಒಳಗೆ ಬಾವಿ ಉಂಟು, ನೀರುಂಟು, ಆದ್ರೆ ಗೋಡೆಯ ಹೊರಮೈಗೆ ನೀರು ಹೊಯ್ಯುದು ಹೇಗೆ, ತಲೆ ಎತ್ತಿದ್ರೆ ಗುಂಡು. ಸ್ಟೀವನ್ಸ್ ಮಾಡಿದ ಉಪಾಯ ನೋಡಿ, ಕೋವಿ ಹಿಡಿಯದವರಿಗೆಲ್ಲ ಹಾರೆ ಗುದ್ದಲಿ ಕೊಟ್ಟು ಗೋಡೆಯ ಅಡಿಯಿಂದ ಹೊರಗೆ ಕಣಿ ತೋಡಿಸಿದ, ಒಂದೆರಡಲ್ಲ, 11 ಕಣಿ. ಒಬ್ಬ ಮನುಷ್ಯ ಹೊರಗೆ ನೆಟ್ಟಗೆ ನಿಂತರೂ ಗುಂಡು ತಾಗದಷ್ಟು ಆಳ. ಅದರಲ್ಲಿ ನಿಂತು ರಾತ್ರಿಯಿಡೀ ಗೋಡೆಯ ಹೊರಮೈ ಒದ್ದೆ ಮಾಡಿದ್ದು, ನೂರಾರು ಪೀಪಾಯಿ ನೀರು ಸೇದಿದ್ರಂತೆ, ಅವನೇ ಪತ್ರದಲ್ಲಿ ಬರ್ದಿದ್ದಾನೆ. ಯುದ್ಧದ ವರ್ಣನೆ ನಾನು ತುಂಬ ಓದಿದ್ದೇನೆ, ಕತ್ತಿ ಕುದುರೆ ಎಲ್ಲ, ಆದ್ರೆ ಬಾವಿಯಿಂದ ನೀರು ಸೇದಿ ಸೇದಿ ಗೆದ್ದದ್ದು ಇದೊಂದೇ ಇರ್ಬೇಕು. ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಹಾಕಿದವರಿಗೆ ಈ ಕೆಲಸದ ಬೆಲೆ ಗೊತ್ತುಂಟು.

ಮತ್ತೆ ಮಾತುಕತೆ. ಫ್ರೆಂಚ್ ಅಧಿಕಾರಿ ಹೇಳಿದ, ಶರಣಾಗಿ, ಕೈದಿಗಳಾಗಿ ಮಾಂಟ್ರಿಯಲ್‌ಗೆ ಬನ್ನಿ, ಇಲ್ಲದಿದ್ರೆ ಎಲ್ಲರನ್ನೂ ಕಡೀತೇವೆ. ಸ್ಟೀವನ್ಸ್ ಒಬ್ಬನೇ ತೀರ್ಮಾನ ಮಾಡ್ಲಿಲ್ಲ, ಒಳಗೆ ಬಂದು 30 ಜನರ ಹತ್ರ ಓಟು ಕೇಳಿದ, ಒಬ್ಬನೂ ಬಿಡದೆ ಎಲ್ಲರೂ ಕಾದಾಡುವ ಅಂದ್ರು. ಕಡೆಯ ದಿನ ಎದುರಿನವರದ್ದು ಮತ್ತೊಂದು ಬೇಡಿಕೆ, ನಮಗೆ ಜೋಳ ಮಾರಿ, ನಾವು ಹೋಗ್ತೇವೆ. ಹೊಟ್ಟೆಗೆ ಇರ್ಲಿಲ್ಲ ಅವರಿಗೂ. ಸ್ಟೀವನ್ಸ್ ದುಡ್ಡಿಗೆ ಕೊಡುದಿಲ್ಲ ಅಂದ, ಕೆನಡಾದಲ್ಲಿರುವ ನಮ್ಮ ಕೈದಿಗಳನ್ನು ಬಿಡಿ, ಒಬ್ಬನಿಗೆ ಐದು ಬುಶೆಲ್ ಜೋಳ ಕೊಡ್ತೇನೆ, ಅವರು ಬರುವವರೆಗೆ ನಿಮ್ಮವರು ಒತ್ತೆ ಇರ್ಲಿ ಅಂತ ವ್ಯಾಪಾರಕ್ಕೆ ಕೂತ. ಅವರು ನಾಲ್ಕೈದು ಗುಂಡು ಹೊಡೆದು ಎದ್ದು ಹೋದ್ರು. ಕೋಟೆಯೊಳಗೆ ಒಬ್ಬನೂ ಸಾಯಲಿಲ್ಲ.

ಬೋಸ್ಟನ್‌ನಲ್ಲಿದ್ದ ಇಂಗ್ಲಿಷ್ ನೌಕಾಪಡೆಯ ಕಮೊಡೋರ್ ಚಾರ್ಲ್ಸ್ ನೋಲ್ಸ್ ಖುಷಿಯಾಗಿ ಸ್ಟೀವನ್ಸ್‌ಗೆ ಒಂದು ಖಡ್ಗ ಕಳಿಸಿದ, ಮುಂದೆ ಊರಿಗೆ ಚಾರ್ಲ್ಸ್‌ಟೌನ್ ಅಂತ ಅವನದ್ದೇ ಹೆಸರಾಯ್ತು. ಅದೇ ನೋಲ್ಸ್ ಅದೇ ವರ್ಷ ನವೆಂಬರಿನಲ್ಲಿ ಬೋಸ್ಟನ್ ಬಂದರಿನ ಜನರನ್ನು ಬಲವಂತದಿಂದ ಹಿಡಿದು ತನ್ನ ಹಡಗಿಗೆ ಹಾಕಿಕೊಂಡು ಊರಿಗೆ ಊರೇ ಮೂರು ದಿನ ದಂಗೆ ಏಳುವ ಹಾಗೆ ಮಾಡಿದ. ನೀರು ಸೇದಿದ 30 ಜನರ ಹೆಸರು ಊರಿಗೆ ಬರ್ಲಿಲ್ಲ, ಖಡ್ಗ ಕಳಿಸಿದವನದ್ದು ಬಂತು. ಆಗ್ಲಿ.

ಈಗ ಮದ್ರಾಸಿಗೆ ಬರುವ. ಇದೇ ಯುದ್ಧದ ಇನ್ನೊಂದು ತುದಿ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಂದನೇ ಕರ್ನಾಟಿಕ್ ಯುದ್ಧ. 1746 ಆಗಸ್ಟ್‌ನಲ್ಲಿ ಆಚೆ ಫೋರ್ಟ್ ಮ್ಯಾಸಚೂಸೆಟ್ಸ್ ಎಂಬ ಇನ್ನೊಂದು ಮರದ ಕೋಟೆಯನ್ನು ಫ್ರೆಂಚರು ಹಿಡಿದು ಸುಟ್ಟರು, ಒಳಗಿದ್ದವರಲ್ಲಿ ಅರ್ಧ ಜನ ಕಾಯಿಲೆ ಬಿದ್ದಿದ್ರು, ಮದ್ದುಗುಂಡೂ ಮುಗಿದಿತ್ತು. ಮರುತಿಂಗಳು ಸೆಪ್ಟೆಂಬರ್‌ನಲ್ಲಿ ಈಚೆ ಫ್ರೆಂಚ್ ಹಡಗುಪಡೆಯ ಲಾ ಬೂರ್ದೊನೆ ಮದ್ರಾಸ್ ಹಿಡಿದ, ಅಲ್ಲಿ ಗುಮಾಸ್ತನಾಗಿದ್ದ ರಾಬರ್ಟ್ ಕ್ಲೈವ್ ತಪ್ಪಿಸಿಕೊಂಡು ಓಡಿದ. ಅದಕ್ಕೆ ಒಂದು ವರ್ಷ ಮೊದ್ಲು 1745ರಲ್ಲಿ ನ್ಯೂ ಇಂಗ್ಲೆಂಡಿನ, ಅಂದ್ರೆ ಮ್ಯಾಸಚೂಸೆಟ್ಸ್ ನ್ಯೂ ಹ್ಯಾಂಪ್‌ಶೈರ್ ಆ ಕಡೆಯ, ರೈತರು, ಮೀನುಗಾರರು, ಬಡಗಿಗಳು ಸುಮಾರು 4000 ಜನ ವಿಲಿಯಂ ಪೆಪರೆಲ್ ಎಂಬ ವ್ಯಾಪಾರಿಯ ಹಿಂದೆ ಹೋಗಿ, ಕೆಸರಿನಲ್ಲಿ ಫಿರಂಗಿ ಎಳೆದು, ಕೆನಡಾದ ಕಡಲ ಬದಿಯಲ್ಲಿದ್ದ ಫ್ರೆಂಚರ ಲೂಯಿಸ್‌ಬರ್ಗ್ ಎಂಬ ಭಾರೀ ಕಲ್ಲಿನ ಕೋಟೆ ಗೆದ್ದಿದ್ರು. ಯುದ್ಧದಲ್ಲಿ ಸತ್ತದ್ದು ಕಮ್ಮಿ, ಗೆದ್ದ ಮೇಲೆ ಆ ಚಳಿಗಾಲ ಕೋಟೆಯೊಳಗೆ ಜ್ವರ ಭೇದಿಯಲ್ಲಿ ಸತ್ತದ್ದು ಬಹಳ ಹೆಚ್ಚು.

1748ರ ಸಂಧಾನದಲ್ಲಿ ಎಂತಾಯ್ತು ಗೊತ್ತುಂಟಾ, ಲೂಯಿಸ್‌ಬರ್ಗ್ ಫ್ರೆಂಚರಿಗೆ ವಾಪಸ್, ಮದ್ರಾಸ್ ಇಂಗ್ಲಿಷರಿಗೆ ವಾಪಸ್. ಬೋಸ್ಟನ್ ಜನರಿಗೆ ಪಿತ್ತ ನೆತ್ತಿಗೇರಿತು, ಎಲ್ಲಿಯ ಮದ್ರಾಸ್, ಅದಕ್ಕೆ ನಮ್ಮ ಮಕ್ಕಳು ಸಾಯ್ಬೇಕಿತ್ತಾ ಅಂತ. ಇಂಗ್ಲೆಂಡ್ 1749ರಲ್ಲಿ ಯುದ್ಧದ ಖರ್ಚಿಗೆ ಅಂತ ಹಡಗಿನಲ್ಲಿ ಬೆಳ್ಳಿ ನಾಣ್ಯ ಕಳಿಸಿ ಬಾಯಿ ಮುಚ್ಚಿಸಿತು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜಾಗದ ಕಾಗದ ಉಂಟು, ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು, ಮದ್ರಾಸ್ ಸರಕಾರ ಅಂತ. ಆ ಮದ್ರಾಸಿನ ಲೆಕ್ಕ ಒಮ್ಮೆ ಕೆನಡಾದ ಮೀನು ಬಂದರಿನ ಜೊತೆ ಚುಕ್ತಾ ಆಗಿತ್ತು ಅಂತ ಯಾವ ಮೇಷ್ಟ್ರೂ ನಮಗೆ ಹೇಳ್ಲಿಲ್ಲ, ಫ್ರೆಂಚ್ ಗವರ್ನರ್ ಡೂಪ್ಲೆ ಹೆಸರಿನ ಕಾಗುಣಿತ ಮಾತ್ರ ತಿದ್ದಿಸಿದ್ರು.

ನಂಬರ್ ಫೋರ್‌ಗೆ ಸಂಧಾನದಿಂದ ಎಂತದೂ ಸಿಗ್ಲಿಲ್ಲ. 1752ರಲ್ಲಿ ಸ್ಟೀವನ್ಸ್ ಕೈದಿಗಳನ್ನು ಬಿಡಿಸಿಕೊಂಡು ಬರ್ಲಿಕ್ಕೆ ಮಾಂಟ್ರಿಯಲ್‌ಗೆ ಹೋದಾಗ ಅಬೆನಾಕಿಗಳ ನಾಯಕ ಅಟಿವನೆಟೊ ಅವನ ಎದುರೇ ಹೇಳಿದ್ದುಂಟು, ನಮ್ಮ ಜಾಗದಲ್ಲಿ ಇನ್ನೊಂದು ಇಂಚು ಬಿಟ್ಟು ಕೊಡುದಿಲ್ಲ, ಒಂದು ಬೀವರ್ ಕೊಲ್ಲಬೇಡಿ, ಒಂದು ಮರ ಕಡಿಯಬೇಡಿ, ಮರ ಬೇಕಾದ್ರೆ ನಾವು ಮಾರ್ತೇವೆ ಅಂತ. ಈ ಇಡೀ ಕತೆಯಲ್ಲಿ ನನಗೆ ಎಲ್ಲರಿಗಿಂತ ನೇರ ಮಾತು ಅಂತ ಕಂಡದ್ದು ಇದು. ಲಂಡನ್, ಬೋಸ್ಟನ್, ಪ್ಯಾರಿಸ್ ಎಲ್ಲ ಆ ಜಾಗಕ್ಕೆ ಗೆರೆ ಎಳೆದ್ರು, ಅಲ್ಲೇ ಹುಟ್ಟಿ ಬೆಳೆದವರನ್ನು ಯಾವ ಮೇಜಿಗೂ ಕರೀಲಿಲ್ಲ.

1754 ಆಗಸ್ಟ್‌ನಲ್ಲಿ ಪುನಃ ಅಬೆನಾಕಿಗಳ ದಾಳಿ. ಸುಸಾನಾ ಜಾನ್ಸನ್ ಎಂಬ ತುಂಬು ಗರ್ಭಿಣಿ, ಗಂಡ, ಮಕ್ಕಳು, ತಂಗಿ ಎಲ್ಲರನ್ನೂ ಬೆಳ್ಳಂಬೆಳಿಗ್ಗೆ ಹಿಡ್ಕೊಂಡು ಹೋದ್ರು. ಮರುದಿನ ಕಾಡಿನಲ್ಲೇ ಹೆರಿಗೆ, ಹೆಣ್ಣು ಮಗು, ಅದಕ್ಕೆ ಕ್ಯಾಪ್ಟಿವ್ ಅಂತಲೇ ಹೆಸರು. ಹಿಡಿದವರೇ ಅವಳಿಗೆ ಗುಡಿಸಲು ಮಾಡಿ ಕೊಟ್ಟರು, ಅದನ್ನೂ ಅವಳು ಮರೆಯದೆ ಬರ್ದಿದ್ದಾಳೆ. ಮಗ ಸಿಲ್ವೇನಸ್ ಅಬೆನಾಕಿಗಳ ಜೊತೆ ಕೆಲವು ವರ್ಷ ಇದ್ದು ವಾಪಸ್ ಬರುವಾಗ ಇಂಗ್ಲಿಷ್ ಪೂರ್ತಿ ಮರೆತಿದ್ದ, ಅವರ ಭಾಷೆ ಮಾತ್ರ ನೀರು ಕುಡಿದ ಹಾಗೆ ಮಾತಾಡ್ತಿದ್ದ. ಅವಳ ಪುಸ್ತಕ 1796ರಲ್ಲಿ ಬಂದದ್ದು, ನೆಟ್‌ನಲ್ಲಿ ಫ್ರೀ ಸಿಗ್ತದೆ, ಹಳೇ ಇಂಗ್ಲಿಷ್ ಆದ್ರೂ ನಾಲ್ಕು ಪುಟ ದಾಟಿದ್ರೆ ಓದಿಸಿಕೊಂಡು ಹೋಗ್ತದೆ. ಕೋಟೆಯ ಮಾದರಿಯನ್ನು ಸಹ ಚಾರ್ಲ್ಸ್‌ಟೌನ್‌ನಲ್ಲಿ ಪುನಃ ಕಟ್ಟಿ ಇಟ್ಟಿದ್ದಾರೆ, ಆ ಕಡೆ ಕೆಲಸದಲ್ಲಿರುವ ನಮ್ಮೂರಿನ ಹುಡುಗರು ಯಾರಾದ್ರೂ ಹೋಗುದಾದ್ರೆ ಕಂಬಗಳ ನಡುವಿನ ಸಂದು ಎಷ್ಟುಂಟು ಅಂತ ಹತ್ತಿರದಿಂದ ಒಂದು ಫೋಟೋ ಕಳ್ಸಿ, ಭಾವನಿಗೆ ತೋರಿಸ್ಲಿಕ್ಕುಂಟು.